ಹಳೆಯ ಈಜಿಪ್ಟಿನ ಹೆಣ್ಣುಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದರೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, "ಅಲ್ಲಿ ಆಗಲೇ ಪೂರ್ತಿ ಸಮಾನತೆ ಇತ್ತು". ಇನ್ನೊಂದು, "ಆ ಕಾಲದಲ್ಲಿ ಹೆಂಗಸರನ್ನು ಯಾರು ಕೇಳ್ತಿದ್ದರು". ಎರಡೂ ಸರಿಯಲ್ಲ. ಆಸ್ತಿಯ ಲೆಕ್ಕದಲ್ಲಿ ಈಜಿಪ್ಟಿನ ಹೆಣ್ಣಿಗೆ ಗಟ್ಟಿ ನೆಲೆ ಇತ್ತು. ಅಧಿಕಾರದ ಲೆಕ್ಕದಲ್ಲಿ ಮಾತ್ರ ಅವಳು ಹೆಚ್ಚಾಗಿ ಯಾರದೋ ತಾಯಿ, ಯಾರದೋ ಮಗಳು. ಮುಂದಿನ ಉತ್ತರಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ಇದು ಯಾವ ಕಾಲದ ಮಾತು? ಕ್ಲಿಯೋಪಾತ್ರ ಬರ್ತಾಳಾ?

ಬರೋದಿಲ್ಲ. ಕ್ಲಿಯೋಪಾತ್ರ ಸತ್ತಿದ್ದು ಕ್ರಿ.ಪೂ. 30ರಲ್ಲಿ. ಅಷ್ಟು ಹೊತ್ತಿಗೆ ಗೀಜಾದ ದೊಡ್ಡ ಪಿರಮಿಡ್‌ಗೆ ಸುಮಾರು 2500 ವರ್ಷ ವಯಸ್ಸಾಗಿತ್ತು. ಹಟ್‌ಶೆಪ್ಸುಟ್, ನೆಫರ್‌ಟಿಟಿ ಕೂಡ ಇಲ್ಲಿಗೆ ಸೇರುವವರಲ್ಲ, ಅವರೂ ನೂರಾರು ವರ್ಷ ಆಮೇಲೆ ಬಂದವರು.

ನಾವು ನೋಡುತ್ತಿರುವುದು ಸುಮಾರು ಕ್ರಿ.ಪೂ. 3100ರಿಂದ 2200ರವರೆಗಿನ ಕಾಲ. ಮೊದಲ ಎರಡು ರಾಜವಂಶಗಳದ್ದು ಆರಂಭಿಕ ಕಾಲ. ಮೂರರಿಂದ ಆರನೇ ರಾಜವಂಶದವರೆಗಿನದ್ದನ್ನು ಹಳೆಯ ಸಾಮ್ರಾಜ್ಯ ಅನ್ನುತ್ತಾರೆ. ಪಿರಮಿಡ್‌ಗಳು ಎದ್ದಿದ್ದು ಇದರಲ್ಲೇ. ಇಷ್ಟು ಹಿಂದಿನ ವರ್ಷಗಳನ್ನೆಲ್ಲ "ಸುಮಾರು" ಅಂತ ಸೇರಿಸಿಕೊಂಡೇ ಓದಬೇಕು.

ಹೆಣ್ಣುಮಕ್ಕಳ ಹೆಸರಲ್ಲಿ ಜಮೀನು ಇರುತ್ತಿತ್ತಾ?

ಇತ್ತು. ಅದಕ್ಕೆ ಕಲ್ಲಿನ ಮೇಲೆ ಬರೆದ ಸಾಕ್ಷಿಯೂ ಇದೆ.

ನಾಲ್ಕನೇ ರಾಜವಂಶದ ಆರಂಭದಲ್ಲಿ ಮೆಟ್ಜೆನ್ ಅನ್ನುವ ಅಧಿಕಾರಿ ಇದ್ದ. ಸಕ್ಕಾರದಲ್ಲಿದ್ದ ಅವನ ಸಮಾಧಿಯ ಕೋಣೆ ಈಗ ಬರ್ಲಿನ್‌ನಲ್ಲಿದೆ. ಅದರ ಗೋಡೆಗಳ ಮೇಲೆ ತನ್ನ ಹುದ್ದೆಗಳನ್ನೂ ಆಸ್ತಿಯನ್ನೂ ಆತ ಒಂದೊಂದಾಗಿ ಕೆತ್ತಿಸಿದ್ದಾನೆ. ಅಲ್ಲೊಂದು ಕಡೆ ಅವನ ತಾಯಿ ನೆಬ್ಸೆನೆಟ್ ಬರುತ್ತಾಳೆ. ಅವಳ 50 ಅರೂರಾ ಜಮೀನು ಮಗನಿಗೆ ಬಂತು, ಅವಳೇ ಮಕ್ಕಳ ಹೆಸರಿಗೆ ಪತ್ರ ಮಾಡಿಸಿದ್ದಳು ಅಂತ ಬರೆದಿದೆ. ಅರೂರಾ ಅಂದರೆ ಎಕರೆಯ ಮೂರರಲ್ಲಿ ಎರಡು ಭಾಗಕ್ಕಿಂತ ತುಸು ಜಾಸ್ತಿ. 50 ಅರೂರಾ ಅಂದರೆ ಸುಮಾರು 34 ಎಕರೆ, ಅದೂ ನೈಲ್ ನದಿಯ ಸೀಮೆಯಲ್ಲಿ. ಸಣ್ಣ ಆಸ್ತಿಯೇನಲ್ಲ.

ಜಮೀನು ಅವಳ ಕೈಲಿತ್ತು ಅನ್ನೋದು ಒಂದು ವಿಷಯ. ಅದನ್ನು ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಿ ಪತ್ರ ಮಾಡಿಸುವ ಹಕ್ಕೂ ಅವಳಿಗಿತ್ತು ಅನ್ನೋದು ಅದಕ್ಕಿಂತ ದೊಡ್ಡದು. ಗಂಡನ ಒಪ್ಪಿಗೆಯ ಮಾತು ಅಲ್ಲಿ ಬರೋದೇ ಇಲ್ಲ. ಮಗನಿಗೂ ಇದು ಮುಚ್ಚಿಡುವ ಸಂಗತಿ ಅನಿಸಿಲ್ಲ. ಎಲ್ಲರೂ ನೋಡಲಿ ಅಂತ ಸಮಾಧಿಯ ಗೋಡೆಗೇ ಹಾಕಿಸಿದ್ದಾನೆ.

ಇದೇ ಶಾಸನದಲ್ಲಿ ರಾಜಮಾತೆ ನಿಮಾಅಟ್‌ಹಾಪ್ ಹೆಸರೂ ಇದೆ. ಅವಳ ಸಂಸ್ಥೆಯಿಂದ ತನಗೆ ದಿನವೂ ರೊಟ್ಟಿ ಬರುತ್ತಿತ್ತು ಅನ್ನುತ್ತಾನೆ ಮೆಟ್ಜೆನ್. ಈ ನಿಮಾಅಟ್‌ಹಾಪ್ ಮೆಟ್ಟಿಲು ಪಿರಮಿಡ್ ಕಟ್ಟಿಸಿದ ಜೋಸೆರ್‌ನ ತಾಯಿ. ಅವಳ ಕಾಲ ಕಳೆದು ತಲೆಮಾರುಗಳಾದ ಮೇಲೂ ಅವಳ ಹೆಸರಿನ ಆಸ್ತಿ ನಡೆಯುತ್ತಲೇ ಇತ್ತು ಅಂತಾಯ್ತು.

ಹಾಗಾದರೆ ಗಂಡು ಹೆಣ್ಣು ಸಮಾನ ಅಂತ ಹೇಳಬಹುದಲ್ವಾ?

ಅಷ್ಟು ಬೇಗ ಬೇಡ. ಶಿಲ್ಪಗಳನ್ನು ನೋಡಿದರೆ ಹಾಗನ್ನಿಸೋದು ನಿಜ. ಗೀಜಾದಲ್ಲಿ 1910ರಲ್ಲಿ ಸಿಕ್ಕ ರಾಜ ಮೆಂಕೌರೆ ಮತ್ತು ಅವನ ರಾಣಿಯ ಪ್ರತಿಮೆಯಲ್ಲಿ ಇಬ್ಬರೂ ಹೆಚ್ಚು ಕಡಿಮೆ ಒಂದೇ ಎತ್ತರ. ಅವಳು ಒಂದು ಕೈಯಿಂದ ಅವನ ಸೊಂಟ ಬಳಸಿದ್ದಾಳೆ, ಇನ್ನೊಂದು ಕೈ ಅವನ ತೋಳಿನ ಮೇಲಿದೆ. ಮೈದೂಮ್‌ನಲ್ಲಿ 1871ರಲ್ಲಿ ಸಿಕ್ಕ ರಾಜಕುಮಾರ ರಹೋಟೆಪ್ ಮತ್ತು ಅವನ ಹೆಂಡತಿ ನೊಫ್ರೆಟ್ ಜೋಡಿಯೂ ಸರಿಸಮನಾಗಿ ಕೂತಿದೆ.

ಆದರೆ ಇದೇ ಜೋಡಿಯ ಬಣ್ಣ ನೋಡಿ. ಅವನಿಗೆ ಕೆಂಪು ಕಂದು, ಅವಳಿಗೆ ತಿಳಿ ಹಳದಿ. ಗಂಡು ಹೊರಗೆ ಬಿಸಿಲಲ್ಲಿ, ಹೆಣ್ಣು ಒಳಗೆ ನೆರಳಲ್ಲಿ ಅನ್ನುವ ಕಲ್ಪನೆಯನ್ನು ಕಲಾವಿದರು ಸಾವಿರಾರು ವರ್ಷ ಬಿಡಲೇ ಇಲ್ಲ. ಗೋಡೆಯ ಕೆತ್ತನೆಗಳಲ್ಲಂತೂ ಹೆಂಡತಿ ಎಷ್ಟೋ ಸಲ ಗಂಡನ ಮೊಣಕಾಲಿನ ಪಕ್ಕ ಪುಟ್ಟದಾಗಿ ಕೂತಿರುತ್ತಾಳೆ.

ಬರಹದಲ್ಲೂ ಹೀಗೆಯೇ. ಐದನೇ ರಾಜವಂಶದ ಮಂತ್ರಿ ಪ್ಟಾಹೋಟೆಪ್ ಹೆಸರಲ್ಲಿ ಒಂದು ಬುದ್ಧಿಮಾತಿನ ಗ್ರಂಥವಿದೆ. ನಮಗೆ ಸಿಕ್ಕಿರುವ ಪ್ರತಿಗಳು ಅವನಿಗಿಂತ ನೂರಾರು ವರ್ಷ ಈಚಿನವು. ಹೆಂಡತಿಯನ್ನು ಪ್ರೀತಿಸು, ಹೊಟ್ಟೆ ತುಂಬಿಸು, ಬಟ್ಟೆ ಕೊಡು, ಮೈಗೆ ಹಚ್ಚಲು ಎಣ್ಣೆ ಕೊಡು ಅನ್ನುತ್ತದೆ ಅದು. ಅದರ ಬೆನ್ನಿಗೇ, ಅಧಿಕಾರ ಮಾತ್ರ ಅವಳ ಕೈಗೆ ಸಿಗದ ಹಾಗೆ ನೋಡಿಕೋ ಅಂತಲೂ ಹೇಳುತ್ತದೆ. ಉಣ್ಣಿಸುವುದಕ್ಕೆ ಬೇಡ ಅಂದಿಲ್ಲ, ಆಳಿಸಿಕೊಳ್ಳುವುದಕ್ಕೆ ಮಾತ್ರ ಭಯ. ಈ ಬುದ್ಧಿಮಾತನ್ನು ಕೊಟ್ಟವರೂ ತೆಗೆದುಕೊಂಡವರೂ ಗಂಡಸರೇ ಅನ್ನೋದನ್ನು ಬೇರೆ ಹೇಳಬೇಕಾಗಿಲ್ಲ.

ಅಷ್ಟು ಹಿಂದೆಯೇ ಯಾರಾದರೂ ಹೆಣ್ಣು ಆಳಿದ್ದಳಾ?

ನನ್ನ ಮಟ್ಟಿಗೆ ಇಡೀ ವಿಷಯದಲ್ಲೇ ಹೆಚ್ಚು ರುಚಿಯಾದ ಕತೆ ಮೆರ್ನೀತ್‌ಳದು.

1900ರಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಬೈಡೋಸ್‌ನಲ್ಲಿ ಮೊದಲ ರಾಜವಂಶದ ರಾಜರ ಸಮಾಧಿಗಳನ್ನು ಅಗೆಯುತ್ತಿದ್ದ. ಆ ಸಾಲಿನಲ್ಲೇ ಒಂದು ದೊಡ್ಡ ಸಮಾಧಿ ಸಿಕ್ಕಿತು. ಸುತ್ತ ಸುಮಾರು 40 ಸೇವಕರ ಗೋರಿಗಳಿದ್ದವು. ಕಲ್ಲಿನ ಫಲಕದ ಮೇಲೆ ಮೆರ್ನೀತ್ ಅನ್ನುವ ಹೆಸರಿತ್ತು. ಇಷ್ಟು ದೊಡ್ಡ ಗೋರಿ, ಅದೂ ರಾಜರ ನಡುವೆ, ಅಂದ ಮೇಲೆ ಇವನೂ ಒಬ್ಬ ರಾಜನೇ ಇರಬೇಕು ಅಂತ ಪೆಟ್ರಿ ಬರೆದುಕೊಂಡ. ಹೆಸರಿನಲ್ಲಿ ನೀತ್ ದೇವಿ ಇದ್ದಾಳೆ, ರಾಜರ ಹೆಸರಿಗೆ ಹಾಕುವ ಗಿಡುಗದ ಚೌಕಟ್ಟು ಇಲ್ಲ. ಮೆರ್ನೀತ್ ಹೆಣ್ಣು ಅಂತ ಗೊತ್ತಾಗಿದ್ದು ಆಮೇಲೆ.

1985ರಲ್ಲಿ ಗುಂಟರ್ ಡ್ರೈಯರ್ ತಂಡಕ್ಕೆ ಅಲ್ಲೇ, ಡೆನ್ ರಾಜನ ಸಮಾಧಿಯ ಬಳಿ, ಜೇಡಿಮಣ್ಣಿನ ಮೇಲೆ ಒತ್ತಿದ ಒಂದು ಮುದ್ರೆ ಸಿಕ್ಕಿತು. ಅದರಲ್ಲಿ ಹೆಸರುಗಳು ಸಾಲಾಗಿದ್ದವು: ನಾರ್ಮರ್, ಅಹಾ, ಜೆರ್, ಜೆಟ್, ಡೆನ್. ಕೊನೆಗೆ "ರಾಜನ ತಾಯಿ ಮೆರ್ನೀತ್". ಜೆಟ್ ಸತ್ತಾಗ ಡೆನ್ ಇನ್ನೂ ಚಿಕ್ಕವನಿದ್ದ, ಅವನು ಬೆಳೆಯುವ ತನಕ ತಾಯಿಯೇ ರಾಜ್ಯ ನೋಡಿಕೊಂಡಳು ಅನ್ನೋದು ಇವತ್ತು ಹೆಚ್ಚಿನ ವಿದ್ವಾಂಸರು ಒಪ್ಪುವ ಮಾತು.

ಅದೇ ರಾಜವಂಶದ ಕೊನೆಯ ಕಾ'ಆ ರಾಜನ ಕಾಲದ ಇನ್ನೊಂದು ಮುದ್ರೆಯೂ ಸಿಕ್ಕಿದೆ. ಅದರಲ್ಲೂ ರಾಜರ ಪಟ್ಟಿಯೇ ಇದೆ. ಮೆರ್ನೀತ್ ಮಾತ್ರ ಇಲ್ಲ! ಮಗನ ಕಾಲದ ಪಟ್ಟಿಯಲ್ಲಿ ಇದ್ದವಳು ಕೆಲವೇ ತಲೆಮಾರಿನಲ್ಲಿ ಬಿಟ್ಟುಹೋದಳು. ಅಧಿಕಾರ ಮಗನ ಮೂಲಕ ಬಂದಿತ್ತು. ಮಗನನ್ನು ನೆನೆಸಿಕೊಳ್ಳುವವರು ಇರುವವರೆಗೆ ಅವಳ ಹೆಸರೂ ಉಳಿದಿತ್ತು.

2023ರಲ್ಲಿ ಇದೇ ಸಮಾಧಿಯಲ್ಲಿ ನೂರಾರು ದ್ರಾಕ್ಷಾರಸದ ದೊಡ್ಡ ಜಾಡಿಗಳು ಸಿಕ್ಕವು. ಕೆಲವದರ ಬಾಯಿಗೆ ಹಾಕಿದ್ದ ಮುಚ್ಚಳ ಐದು ಸಾವಿರ ವರ್ಷ ಕಳೆದರೂ ಹಾಗೇ ಇತ್ತು. ಒಳಗೆ ದ್ರಾಕ್ಷಿ ಬೀಜಗಳಿದ್ದವು. ಪರಲೋಕಕ್ಕೆ ಇಷ್ಟು ಕಟ್ಟಿಕೊಟ್ಟು ಕಳಿಸಿದ್ದಾರೆ ಅಂದರೆ ಅವಳ ಸ್ಥಾನ ಎಂಥದ್ದು ಅಂತ ಅಂದಾಜು ಮಾಡಿ.

ಮೆರ್ನೀತ್‌ಗಿಂತ ಮುಂಚೆಯೇ ಇನ್ನೊಬ್ಬಳು ಇದ್ದಳಂತೆ?

ನೀತ್‌ಹೊಟೆಪ್. ಅವಳ ವಿಷಯದಲ್ಲೂ ಇದೇ ಕತೆ. 1897ರಲ್ಲಿ ನಕಾಡಾದಲ್ಲಿ ಜಾಕ್ ದ ಮಾರ್ಗನ್ ಒಂದು ಭಾರಿ ಇಟ್ಟಿಗೆ ಸಮಾಧಿಯನ್ನು ಅಗೆದ. ಅದೂ ಯಾರೋ ರಾಜನದ್ದೇ ಅಂದುಕೊಂಡರು. ಅವಳ ಹೆಸರನ್ನು ರಾಜರ ಹಾಗೆ ಚೌಕಟ್ಟಿನೊಳಗೆ ಬರೆದ ಮುದ್ರೆಗಳಿವೆ. 2012ರಲ್ಲಿ ಸಿನಾಯ್‌ನ ವಾಡಿ ಅಮೇರಾದಲ್ಲಿ ಬಂಡೆಯ ಮೇಲೆ ಅವಳ ಹೆಸರು ಕಂಡಿತು, ಅದೂ ಜೆರ್ ರಾಜನ ಕಾಲದ ದಂಡಯಾತ್ರೆಯ ಗುರುತುಗಳ ಜೊತೆ. ಅಲ್ಲಿಯವರೆಗೆ ಅವಳನ್ನು ಬರೀ ನಾರ್ಮರ್‌ನ ಹೆಂಡತಿ ಅಂತ ಹೇಳಿ ಮುಗಿಸುತ್ತಿದ್ದರು. ಈಗ ಜೆರ್ ಹುಡುಗನಾಗಿದ್ದಾಗ ಇವಳೇ ಆಡಳಿತ ನಡೆಸಿರಬೇಕು ಅನ್ನುವ ವಾದ ಗಟ್ಟಿಯಾಗಿದೆ.

ದೊಡ್ಡ ಗೋರಿ ಸಿಕ್ಕರೆ ಗಂಡಸಿನದ್ದೇ ಅನ್ನುವ ಊಹೆ ಎರಡು ಸಲ ತಪ್ಪಾಯಿತು. ಹಳೆಯ ಪುಸ್ತಕಗಳನ್ನು ಓದುವಾಗ ಸ್ವಲ್ಪ ಹುಷಾರಾಗಿರಿ.

ಹೆಣ್ಣು ರಾಜ್ಯ ಆಳಬಹುದು ಅಂತ ಕಾನೂನೇ ಇತ್ತಾ?

ಹಾಗಂತ ಬರೆದವನು ಈಜಿಪ್ಟಿನ ಇತಿಹಾಸ ಬರೆದ ಪೂಜಾರಿ ಮನೆಥೊ. ಎರಡನೇ ರಾಜವಂಶದ ಬಿನೊತ್ರಿಸ್ ಕಾಲದಲ್ಲಿ ಹೆಂಗಸರೂ ರಾಜಪದವಿಗೆ ಬರಬಹುದು ಅಂತ ತೀರ್ಮಾನವಾಯಿತು ಅನ್ನುತ್ತಾನೆ. ಬಿನೊತ್ರಿಸ್ ಅಂದರೆ ನೈನೆಟ್ಜೆರ್ ರಾಜ. ಆದರೆ ಮನೆಥೊ ಇದ್ದಿದ್ದು ಕ್ರಿ.ಪೂ. 3ನೇ ಶತಮಾನದಲ್ಲಿ, ಎರಡು ಸಾವಿರ ವರ್ಷಕ್ಕೂ ಈಚೆಗೆ. ಅವನ ಪುಸ್ತಕವೂ ಬೇರೆಯವರು ಎತ್ತಿ ಬರೆದ ತುಣುಕುಗಳಲ್ಲಷ್ಟೇ ಉಳಿದಿದೆ. ನೈನೆಟ್ಜೆರ್ ಕಾಲದ ಯಾವ ಶಾಸನದಲ್ಲೂ ಇಂಥ ಕಾನೂನು ಸಿಕ್ಕಿಲ್ಲ. ಮೆರ್ನೀತ್ ಅಂತೂ ಅವನಿಗಿಂತ ಮುಂಚಿನವಳು.

ರಾಜನ ಹೆಂಡತಿ ದೊಡ್ಡವಳಾ, ತಾಯಿ ದೊಡ್ಡವಳಾ?

ತಾಯಿ. ಇದರಲ್ಲಿ ಎರಡು ಮಾತಿಲ್ಲ. ರಾಜನಿಗೆ ಹೆಂಡತಿಯರು ಹಲವರು, ತಾಯಿ ಒಬ್ಬಳೇ.

ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫುವಿನ ತಾಯಿ ಹೆಟೆಫೆರೆಸ್‌ಳನ್ನೇ ನೋಡಿ. 1925ರಲ್ಲಿ ಗೀಜಾದ ದೊಡ್ಡ ಪಿರಮಿಡ್‌ನ ಪೂರ್ವಕ್ಕೆ ಜಾರ್ಜ್ ರೈಸ್ನರ್ ತಂಡದ ಛಾಯಾಗ್ರಾಹಕ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್ ಊರಲು ಹೋದ. ಒಂದು ಕಾಲು ಗಾರೆಗೆ ತಗುಲಿತು. ಗಾರೆ ಕಿತ್ತರೆ ಮೆಟ್ಟಿಲು, ಆಮೇಲೆ ಸುಮಾರು 27 ಮೀಟರ್ ಆಳದ ಬಾವಿಯಂಥ ಗುಂಡಿ. ತಳದ ಪುಟ್ಟ ಕೋಣೆಯಲ್ಲಿ ಮರ ಪುಡಿಯಾಗಿ ಬರೀ ಚಿನ್ನದ ತಗಡುಗಳು ನೆಲದ ಮೇಲೆ ಬಿದ್ದಿದ್ದವು. ಆ ತಗಡುಗಳು ಬಿದ್ದಿದ್ದ ಜಾಗವನ್ನು ಒಂದೊಂದಾಗಿ ಗುರುತು ಹಾಕಿಕೊಂಡು ಹಾಸಿಗೆ, ಕುರ್ಚಿ, ಪರದೆ ಕಟ್ಟುವ ಮಂಟಪ, ಪಲ್ಲಕ್ಕಿ ಎಲ್ಲವನ್ನೂ ಮತ್ತೆ ಜೋಡಿಸಿದರು. ಎಂಥ ತಾಳ್ಮೆಯ ಕೆಲಸ!

ಆ ಪಲ್ಲಕ್ಕಿಯ ಮೇಲೆ ಚಿನ್ನದ ಅಕ್ಷರಗಳಲ್ಲಿ ಅವಳ ಬಿರುದುಗಳಿವೆ. ಮೊದಲು ಬರುವುದು "ರಾಜನ ತಾಯಿ". ಮುಂದೆ, ಅವಳು ಏನು ಹೇಳಿದರೂ ಅದು ನಡೆಯುತ್ತದೆ ಅನ್ನುವ ಅರ್ಥದ ಬಿರುದೊಂದಿದೆ. ಪೆಟ್ಟಿಗೆಯಲ್ಲಿ ಬೆಳ್ಳಿಯ ಬಳೆಗಳ ಸಾಲು, ಒಂದೊಂದರ ಮೇಲೂ ನೀಲಿ ಹಸಿರು ಕೆಂಪು ಕಲ್ಲು ಕೂರಿಸಿದ ಚಿಟ್ಟೆಗಳು. ಚಿನ್ನ ಈಜಿಪ್ಟಿನಲ್ಲೇ ಸಿಗುತ್ತಿತ್ತು. ಬೆಳ್ಳಿ ಹೊರಗಿನಿಂದ ಬರಬೇಕಿತ್ತು, ಹಾಗಾಗಿ ಅದೇ ಜಾಸ್ತಿ ಅಪರೂಪ. ಈ ಬಳೆಗಳ ಬೆಳ್ಳಿ ಗ್ರೀಸ್ ಕಡೆಯದ್ದು ಅಂತ 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಹೇಳಿದೆ. ಕಲ್ಲಿನ ಶವಪೆಟ್ಟಿಗೆಯನ್ನು 1927ರಲ್ಲಿ ತೆರೆದರು. ಖಾಲಿ ಇತ್ತು. ದೇಹ ಏನಾಯಿತು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ನಾಲ್ಕನೇ ರಾಜವಂಶದ ಕೊನೆಯ ಖೆಂಟ್ಕೌಸ್ ಇನ್ನೂ ಒಂದು ಹೆಜ್ಜೆ ಮುಂದೆ. ಗೀಜಾದಲ್ಲಿ ಅವಳ ಭಾರಿ ಸಮಾಧಿಯ ಬಾಗಿಲ ಕಲ್ಲಿನಲ್ಲಿ ಅವಳಿಗೆ ರಾಜರ ಕೃತಕ ಗಡ್ಡ, ಹಣೆಯ ಮೇಲೆ ನಾಗರ ಇದೆ. ಆರನೇ ರಾಜವಂಶದ ಎರಡನೇ ಅಂಖೆಸೆನ್‌ಪೆಪಿಯ ಮಗ ಎರಡನೇ ಪೆಪಿ ಸಣ್ಣ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ. ಅವನ ಪರವಾಗಿ ಆಡಳಿತ ನೋಡಿಕೊಂಡವಳು ಇವಳೇ. ಸುಮಾರು 40 ಸೆಂಟಿಮೀಟರ್ ಎತ್ತರದ ಪ್ರತಿಮೆಯೊಂದಿದೆ. ತಾಯಿಯ ತೊಡೆಯ ಮೇಲೆ ಅಡ್ಡಕ್ಕೆ ಕೂತ ಪೆಪಿಗೆ ಮಗುವಿನ ಗಾತ್ರ, ಆದರೆ ವೇಷ ಪೂರ್ತಿ ರಾಜನದ್ದೇ. ಪಿರಮಿಡ್ ಪಠ್ಯಗಳು ಅನ್ನುವ ಮಂತ್ರಗಳು ಮೊದಲು ರಾಜರ ಪಿರಮಿಡ್‌ಗಳಲ್ಲಿ ಮಾತ್ರ ಇದ್ದವು. ಹಾಗೆ ಮಂತ್ರ ಕೆತ್ತಿಸಿಕೊಂಡ ಮೊದಲ ರಾಣಿ ಇವಳೇ.

ರಾಣಿ ತಪ್ಪು ಮಾಡಿದರೆ?

ಒಂದು ಉದಾಹರಣೆ ಇದೆ. ಮೊದಲನೇ ಪೆಪಿಯ ಕಾಲದಲ್ಲಿ ಅಂತಃಪುರದಲ್ಲಿ ಒಬ್ಬ ರಾಣಿಯ ಮೇಲೆ ಗುಟ್ಟಾಗಿ ವಿಚಾರಣೆ ನಡೆಯಿತು. ಅದನ್ನು ನಡೆಸಿದ ವೆನಿ ಅನ್ನುವ ಅಧಿಕಾರಿ ತನ್ನ ಸಮಾಧಿಯಲ್ಲಿ ಇದನ್ನು ಹೆಮ್ಮೆಯಿಂದ ಬರೆಸಿದ್ದಾನೆ. ಮಂತ್ರಿಯನ್ನೂ ಕರೆಯಲಿಲ್ಲ, ನಾನೂ ಇನ್ನೊಬ್ಬ ನ್ಯಾಯಾಧಿಕಾರಿಯೂ ಮಾತ್ರ ಇದ್ದೆವು ಅನ್ನುತ್ತಾನೆ. ಆರೋಪ ಏನು, ಶಿಕ್ಷೆ ಏನು, ಒಂದನ್ನೂ ಬಾಯಿ ಬಿಟ್ಟಿಲ್ಲ. ಗುಟ್ಟು ಕಾಪಾಡಿದೆ ಅಂತ ಕಲ್ಲಲ್ಲಿ ಕೆತ್ತಿಸಿ ಊರಿಗೆಲ್ಲ ಹೇಳುವ ಜನ ಎಲ್ಲ ಕಾಲದಲ್ಲೂ ಇರುತ್ತಾರೆ.

ಹೆಣ್ಣು ಮಂತ್ರಿ ಇದ್ದಳಾ?

ಇದ್ದಳು, ಒಬ್ಬಳೇ. ಅದೇ ಮೊದಲನೇ ಪೆಪಿಯ ಕಾಲದ ಅಬೈಡೋಸ್‌ನ ನೆಬೆಟ್. ಪ್ರಧಾನಮಂತ್ರಿಗೆ ಸಮನಾದ ಬಿರುದು ಅವಳಿಗಿದೆ. ಹಳೆಯ ಸಾಮ್ರಾಜ್ಯದಲ್ಲಿ ಈ ಬಿರುದು ಸಿಕ್ಕ ಹೆಣ್ಣು ಬೇರೆ ಇಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಪೆಪಿ ಮದುವೆಯಾದ. ಮೇಲೆ ಹೇಳಿದ ಅಂಖೆಸೆನ್‌ಪೆಪಿ ಅವರಲ್ಲೊಬ್ಬಳು. ಮಗ ಜಾವು ಮುಂದೆ ಮಂತ್ರಿಯಾದ. ನೆಬೆಟ್ ನಿಜವಾಗಿ ಕಚೇರಿ ನಡೆಸಿದಳೋ, ರಾಜನ ಅತ್ತೆ ಅಂತ ಗೌರವಕ್ಕೆ ಕೊಟ್ಟ ಬಿರುದೋ ಅಂತ ವಿದ್ವಾಂಸರಲ್ಲಿ ಎರಡು ಪಂಗಡವಿದೆ. ನನಗೆ ಎರಡನೆಯದೇ ಹೆಚ್ಚು ಸರಿ ಅನಿಸುತ್ತದೆ. ಆದರೂ ಗೌರವಕ್ಕಾದರೂ ಇಂಥ ಬಿರುದನ್ನು ಒಂದು ಹೆಣ್ಣಿಗೆ ಕೊಡಬಹುದು ಅಂತ ಅವರಿಗೆ ತೋಚಿತಲ್ಲ.

ಜಗತ್ತಿನ ಮೊದಲ ವೈದ್ಯೆ ಮೆರಿಟ್ ಪ್ಟಾ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?

ಇಲ್ಲ. ಅಂಥವಳೊಬ್ಬಳು ಇದ್ದಳು ಅನ್ನೋದಕ್ಕೆ ಸಾಕ್ಷಿ ಇಲ್ಲ. 20ನೇ ಶತಮಾನದ ಮೊದಲ ಭಾಗದಲ್ಲಿ ವೈದ್ಯೆಯರ ಇತಿಹಾಸ ಬರೆದ ಲೇಖಕಿಯೊಬ್ಬರಿಗೆ ಆದ ಗೊಂದಲದಿಂದ ಈ ಹೆಸರು ಹುಟ್ಟಿಕೊಂಡಿತು. ಆಮೇಲೆ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು. ಶುಕ್ರಗ್ರಹದ ಒಂದು ಕುಳಿಗೂ ಈ ಹೆಸರಿಟ್ಟಿದ್ದಾರೆ!

ನಿಜವಾಗಿ ಇದ್ದವಳು ಪೆಸೆಶೆಟ್. ಗೀಜಾದಲ್ಲಿ ಅಖೆಟ್‌ಹೊಟೆಪ್ ಅನ್ನುವವನ ಸಮಾಧಿಯಲ್ಲಿ ಸೆಲಿಮ್ ಹಸನ್ ಅವರಿಗೆ ಅವಳ ಫಲಕ ಸಿಕ್ಕಿತು. ಅದರಲ್ಲಿ "ವೈದ್ಯೆಯರ ಮೇಲ್ವಿಚಾರಕಿ" ಅಂತ ಇದೆ. ಮೇಲ್ವಿಚಾರಕಿ ಇದ್ದಳು ಅಂದರೆ ಅವಳ ಕೈಕೆಳಗೆ ವೈದ್ಯೆಯರ ಗುಂಪೂ ಇತ್ತು ಅಂತ ತಾನೇ? ಸತ್ತವರಿಗೆ ಎಡೆ ಇಡುವ ಪೂಜಾರ್ತಿಯರ ಮೇಲ್ವಿಚಾರಣೆಯೂ ಅವಳದ್ದೇ. ಅವಳು ಸೂಲಗಿತ್ತಿಯರಿಗೆ ಪಾಠ ಹೇಳುತ್ತಿದ್ದಳು, ಸಾಯಿಸ್‌ನ ಶಾಲೆಯಲ್ಲಿ ನೂರಾರು ಶಿಷ್ಯೆಯರಿದ್ದರು ಅಂತೆಲ್ಲ ಓಡಾಡುವ ಮಾತಿಗೆ ಆ ಫಲಕದಲ್ಲಿ ಆಧಾರ ಇಲ್ಲ.

ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದರಾ?

ಧಾರಾಳವಾಗಿ. ಹಳೆಯ ಸಾಮ್ರಾಜ್ಯದ ದೊಡ್ಡ ಮನೆತನಗಳ ಹೆಂಗಸರ ಸಮಾಧಿ ನೋಡುತ್ತಾ ಹೋದರೆ "ಹಾಥೋರ್ ದೇವಿಯ ಪೂಜಾರ್ತಿ" ಅನ್ನುವ ಬಿರುದು ಮತ್ತೆ ಮತ್ತೆ ಸಿಗುತ್ತದೆ. ಅದರ ನಂತರ ನೀತ್ ದೇವಿಯದು. ನೀತ್ ಗುರಾಣಿ ಬಾಣಗಳ ದೇವಿ, ಮುಖಜಭೂಮಿಯ ಸಾಯಿಸ್ ಪಟ್ಟಣದವಳು. ಮೊದಲ ರಾಜವಂಶದ ಹಲವು ರಾಣಿಯರ ಹೆಸರಿನಲ್ಲಿ ಅವಳಿರೋದು ಸುಮ್ನೆ ಅಲ್ಲ.

ಹಾಡು ಕುಣಿತದ ಮೇಳಗಳೂ ದೇವಸ್ಥಾನ ಮತ್ತು ಅರಮನೆಯ ಭಾಗವೇ. ಅವುಗಳ ಉಸ್ತುವಾರಿಗೆ ಹೆಂಗಸರೇ ಇರುತ್ತಿದ್ದರು. ಶವಸಂಸ್ಕಾರದಲ್ಲಿ ಇಬ್ಬರು ಹೆಂಗಸರು ಐಸಿಸ್ ಮತ್ತು ನೆಫ್ತಿಸ್ ದೇವಿಯರ ಪರವಾಗಿ ಅಳುತ್ತಿದ್ದರು. ಈ ಪೂಜಾರ್ತಿ ಬಿರುದು ಮುಂದಿನ ಮಧ್ಯ ಸಾಮ್ರಾಜ್ಯದ ಕಾಲಕ್ಕೆ ತೀರಾ ಕಡಿಮೆಯಾಗುತ್ತದೆ. ಕಾಲ ಮುಂದಕ್ಕೆ ಹೋದ ಹಾಗೆ ಹೆಣ್ಣಿನ ಸ್ಥಾನವೂ ಮೇಲಕ್ಕೆ ಹೋಗುತ್ತದೆ ಅಂತ ನಂಬಿದವರಿಗೆ ಇದು ಒಳ್ಳೆಯ ಉತ್ತರ.

ರಾಣಿಯರ ಕತೆ ಸಾಕು. ಸಾಮಾನ್ಯ ಹೆಂಗಸರು ಏನು ಮಾಡುತ್ತಿದ್ದರು?

ಬೀಸುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಕಾಳು ಬೀಸುತ್ತಿದ್ದರು.

ಸಮಾಧಿಗಳಲ್ಲಿ ಸಿಗುವ ಸೇವಕಿಯರ ಪುಟ್ಟ ಬೊಂಬೆಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಮ್ಮ ರಾಗಿಕಲ್ಲಿನ ಹಾಗೆ ಗೂಟ ಹಿಡಿದು ತಿರುಗಿಸುವ ಕಲ್ಲು ಆಗಿನ್ನೂ ಇರಲಿಲ್ಲ. ನೆಲಕ್ಕೆ ಮಂಡಿಯೂರಿ, ಒಂದು ಚಪ್ಪಟೆ ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಎರಡೂ ಕೈಯಿಂದ ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ಮೈಯ ಭಾರವೆಲ್ಲ ಮುಂಗೈ, ಸೊಂಟ, ಮಂಡಿ, ಕಾಲ್ಬೆರಳುಗಳ ಮೇಲೆ. ಜನರ ಊಟ ರೊಟ್ಟಿ ಮತ್ತು ಬಿಯರ್, ಎರಡಕ್ಕೂ ಧಾನ್ಯವೇ ಬೇಕು. ಹಿಟ್ಟು ಬೀಸುವುದು ಹೆಂಗಸರ ಕೆಲಸ. ರೊಟ್ಟಿ ಸುಡುವುದು, ಬಿಯರ್‌ಗೆ ಹಿಟ್ಟು ಹಿಸುಕಿ ಸೋಸುವುದರಲ್ಲಿ ಗಂಡಸರೂ ಇದ್ದರು.

ಇನ್ನೊಂದು ದೊಡ್ಡ ಕೆಲಸ ನೇಯ್ಗೆ. ಅಗಸೆ ನಾರಿನಿಂದ ನೂಲು ತೆಗೆದು ನೆಲಮಗ್ಗದಲ್ಲಿ ನೇಯುತ್ತಿದ್ದರು. ಬಟ್ಟೆ ಅಂದರೆ ಆಗ ಹಣದ ಹಾಗೆ, ಸಂಬಳ, ಉಡುಗೊರೆ, ಶವಕ್ಕೆ ಸುತ್ತಲು, ಎಲ್ಲದಕ್ಕೂ ಬೇಕು. ನೇಯ್ದ ಹೆಂಗಸರಿಗೆ ಒಡವೆ ಕೊಡುವ ಚಿತ್ರಗಳೂ ಇವೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನಲ್ಲಿ ಹೆಂಗಸರು ಸಂತೆಗೆ ಹೋಗುತ್ತಾರೆ, ಗಂಡಸರು ಮನೆಯಲ್ಲಿ ಕೂತು ನೇಯುತ್ತಾರೆ ಅಂತ ಬರೆದ. ಅದು ಕ್ರಿ.ಪೂ. 5ನೇ ಶತಮಾನದ ಪ್ರವಾಸಿಯ ಮಾತು, ಪಿರಮಿಡ್ ಕಾಲಕ್ಕೆ ಹೊಂದೋದಿಲ್ಲ. ಸಂತೆಯ ಭಾಗ ಮಾತ್ರ ನಿಜ. ಸಕ್ಕಾರದ ಸಮಾಧಿಗಳ ಸಂತೆ ಚಿತ್ರಗಳಲ್ಲಿ ಮಾರುವವರಲ್ಲೂ ಕೊಳ್ಳುವವರಲ್ಲೂ ಹೆಂಗಸರಿದ್ದಾರೆ. ಸುಗ್ಗಿಯಲ್ಲಿ ಅವರು ಕಾಳು ತೂರುತ್ತಾರೆ, ಜರಡಿ ಹಿಡಿಯುತ್ತಾರೆ. ಕುಡುಗೋಲು, ನೇಗಿಲು ಗಂಡಸರ ಕೈಯಲ್ಲಿ.

ಗೀಜಾದಲ್ಲಿ 1990ರಲ್ಲಿ ಒಂದು ಕುದುರೆ ಗೋಡೆಗೆ ಎಡವಿದ್ದರಿಂದ ಪಿರಮಿಡ್ ಕಟ್ಟಿದವರ ಸ್ಮಶಾನ ಬೆಳಕಿಗೆ ಬಂತು. ಅಲ್ಲಿ ಹೆಂಗಸರ ಮೂಳೆಗಳೂ ಬೇಕಾದಷ್ಟಿವೆ. ಭಾರ ಹೊತ್ತು ಬೆನ್ನು, ಮಂಡಿ ಸವೆದ ಗುರುತು ಗಂಡಸರಿಗಷ್ಟೇ ಅಲ್ಲ, ಅವರಿಗೂ ಇದೆ. ಅಲ್ಲೇ ಪೆಟೆಟಿ ಅನ್ನುವ ಕೆಲಸಗಾರನ ಸಮಾಧಿಯಲ್ಲಿ ಅವನ ಹೆಂಡತಿ ನೆಸಿ ಸೋಕರ್ ಕೂಡ ಕೆತ್ತನೆಯಾಗಿ ನಿಂತಿದ್ದಾಳೆ. ಅವಳು ಹಾಥೋರ್‌ನ ಪೂಜಾರ್ತಿ. ಈ ಗೋರಿಗೆ ಕೇಡು ಮಾಡಿದವರನ್ನು ಮೊಸಳೆ, ನೀರುಕುದುರೆ ತಿನ್ನಲಿ ಅನ್ನುವ ಥರದ ಶಾಪವೂ ಅಲ್ಲಿದೆ. ಪೂಜಾರ್ತಿಯ ಬಿರುದು ಅರಮನೆಯವರಿಗಷ್ಟೇ ಮೀಸಲಾಗಿರಲಿಲ್ಲ ಅಂತ ಇದರಿಂದ ತಿಳಿಯುತ್ತದೆ.

ಮನೆಯೊಡತಿಯ ಕೈಕೆಳಗೆ ಕೆಲಸದವರೂ ಹೆಂಗಸರೇನಾ?

ದೊಡ್ಡ ಮನೆಗಳಲ್ಲಿ ಹೌದು. ಸಕ್ಕಾರದಲ್ಲಿ ಮಂತ್ರಿ ಮೆರೆರುಕನ ಸಮಾಧಿಯಲ್ಲಿ 30ಕ್ಕೂ ಹೆಚ್ಚು ಕೋಣೆಗಳಿವೆ. ಅದರಲ್ಲಿ ಒಂದು ಭಾಗ ಪೂರ್ತಿ ಅವನ ಹೆಂಡತಿ ವಟೆಟ್‌ಖೆಟ್‌ಹೋರ್‌ಳದು. ಟೆಟಿ ರಾಜನ ಮಗಳು ಅವಳು. ತವರು ಅರಮನೆ ಅಂದ ಮೇಲೆ ಸಮಾಧಿಯಲ್ಲೂ ಅವಳ ಪಾಲು ಬೇರೆಯೇ. ಅಲ್ಲಿ ಅವಳು ಪಲ್ಲಕ್ಕಿಯಲ್ಲಿ ಹೋಗುತ್ತಾಳೆ, ಸುತ್ತ ಹೆಂಗಸರ ಪರಿವಾರ. ಬಟ್ಟೆ, ಒಡವೆ, ಉಗ್ರಾಣ ನೋಡಿಕೊಳ್ಳುವ ಹುದ್ದೆಗಳಲ್ಲಿ ಹೆಂಗಸರು ಇರುತ್ತಿದ್ದದ್ದು ಇಂಥ ಯಜಮಾನಿಯರ ಮನೆಗಳಲ್ಲೇ. ಅದೇ ಸಮಾಧಿಯ ಇನ್ನೊಂದು ಗೋಡೆಯಲ್ಲಿ ಮಂಚದ ಮೇಲೆ ಕೂತು ಅವಳು ಗಂಡನಿಗಾಗಿ ಹಾರ್ಪ್ ನುಡಿಸುತ್ತಿದ್ದಾಳೆ. ನನಗೆ ಬಹಳ ಇಷ್ಟದ ಚಿತ್ರ ಅದು.

ಓದು ಬರಹ ಕಲಿಯುತ್ತಿದ್ದರಾ?

ಬರವಣಿಗೆಯ ದೇವತೆ ಸೆಶಾಟ್ ಹೆಣ್ಣು. ಆದರೆ ಗುಮಾಸ್ತರ ಚಿತ್ರಗಳಲ್ಲಿ ಲೇಖನಿ ಹಿಡಿದು ಕೂತವರು ಗಂಡಸರು. ರಾಜಕುಮಾರಿ ಇದುಟ್‌ಳ ಸಮಾಧಿಯಲ್ಲಿ ಅವಳ ದೋಣಿಯಲ್ಲಿ ಬರೆಯುವ ಸಾಮಾನು ಇದೆ ಅಂತ ತೋರಿಸುವವರಿದ್ದಾರೆ. ಆದರೆ ಆ ಸಮಾಧಿ ಮೊದಲು ಇಹಿ ಅನ್ನುವ ಮಂತ್ರಿಗೆ ಕಟ್ಟಿದ್ದು, ಆಮೇಲೆ ಅವಳಿಗೆ ಕೊಟ್ಟಿದ್ದು. ಆ ಒಂದು ಚಿತ್ರ ನೆಚ್ಚಿಕೊಂಡು ಜಾಸ್ತಿ ಹೇಳಬಾರದು.

ಅಣ್ಣ ತಂಗಿ ಮದುವೆಯಾಗುತ್ತಿದ್ದರಂತೆ?

ರಾಜಮನೆತನದಲ್ಲಿ, ಅದೂ ಹೆಚ್ಚಾಗಿ ಒಂದೇ ತಂದೆಯ ಬೇರೆ ಬೇರೆ ತಾಯಂದಿರ ಮಕ್ಕಳ ನಡುವೆ. ಜನಸಾಮಾನ್ಯರಲ್ಲಿ ಹಾಗಿರಲಿಲ್ಲ. ಒಬ್ಬ ಗಂಡ, ಒಬ್ಬ ಹೆಂಡತಿ ಅನ್ನೋದೇ ರೂಢಿ. ಮದುವೆಗೆ ಮಂತ್ರ, ಪುರೋಹಿತ, ಛತ್ರ ಇದ್ದ ಗುರುತಿಲ್ಲ. ಒಟ್ಟಿಗೆ ಮನೆ ಹೂಡಿದರೆ ಮದುವೆಯಾದ ಹಾಗೆ.

ರಾಜ ಸತ್ತರೆ ಹೆಂಗಸರನ್ನೂ ಜೊತೆಗೆ ಹೂಳುತ್ತಿದ್ದರಾ?

ಮೊದಲ ರಾಜವಂಶದಲ್ಲಿ ಮಾತ್ರ. ಜೆರ್ ರಾಜನ ಸಮಾಧಿಯ ಸುತ್ತ 300ಕ್ಕೂ ಹೆಚ್ಚು ಸಣ್ಣ ಗೋರಿಗಳಿವೆ. ಅಲ್ಲಿ ಸಿಕ್ಕ ಹೆಸರಿನ ಕಲ್ಲುಗಳಲ್ಲಿ ಹೆಚ್ಚಿನವು ಹೆಂಗಸರದ್ದು. ಅವರು ಅರಮನೆಯ ಪರಿವಾರದವರು. ಗಂಡಸರೂ ಇದ್ದಾರೆ, ನಾಯಿಗಳೂ ಇವೆ. ರಾಜನ ಜೊತೆಗೇ ಸಾಯಿಸಿದರು ಅನ್ನುವುದೇ ಹೆಚ್ಚಿನವರ ಅಭಿಪ್ರಾಯ. ಮೆರ್ನೀತ್‌ಗೂ ಇಂಥ 40 ಜನ ಹೋದರು ಅನ್ನೋದು ನೆನಪಿರಲಿ, ಆಳುವವಳು ಹೆಣ್ಣಾದರೆ ಸೇವಕರ ಪಾಡು ಬದಲಾಗಲಿಲ್ಲ. ಮೊದಲ ರಾಜವಂಶದ ಜೊತೆಗೆ ಈ ಪದ್ಧತಿಯೂ ನಿಂತಿತು.

ಇದೇ ಜೆರ್ ಸಮಾಧಿಯ ಗೋಡೆಯ ಸಂದಿನಲ್ಲಿ ಪೆಟ್ರಿಯ ಕೆಲಸಗಾರರಿಗೆ ಬಟ್ಟೆ ಸುತ್ತಿದ ಒಂದು ತೋಳು ಸಿಕ್ಕಿತು. ಬಟ್ಟೆಯೊಳಗೆ ನಾಲ್ಕು ಬಳೆಗಳು, ಚಿನ್ನ ಮತ್ತು ಕಡುನೀಲಿ, ಹಸಿರುನೀಲಿ, ನೇರಳೆ ಬಣ್ಣದ ಕಲ್ಲುಗಳಿಂದ ಮಾಡಿದವು. ಕಳ್ಳರು ಅವಸರದಲ್ಲಿ ಸಿಕ್ಕಿಸಿಟ್ಟು ಹೋಗಿರಬೇಕು. ಬಳೆಗಳು ಕೈರೋದಲ್ಲಿ ಉಳಿದವು. ತೋಳನ್ನು ಮ್ಯೂಸಿಯಂನವರು ಎಸೆದುಬಿಟ್ಟರು.

ನಿಟೊಕ್ರಿಸ್ ಅನ್ನುವ ರಾಣಿ ಆರನೇ ರಾಜವಂಶದ ಕೊನೆಯಲ್ಲಿ ಆಳಿದ್ದಳಲ್ವಾ?

ಹೆರೊಡೋಟಸ್ ಹೇಳುವ ಸೇಡಿನ ಕತೆ ಓದಲು ಮಜವಾಗಿದೆ, ಅಷ್ಟೇ. ಇಟಲಿಯ ಟ್ಯೂರಿನ್‌ನಲ್ಲಿರುವ ಈಜಿಪ್ಟಿನ ರಾಜರ ಹಳೆಯ ಪಟ್ಟಿಯಲ್ಲಿ ಅವಳದ್ದು ಅಂದುಕೊಂಡಿದ್ದ ಹೆಸರು ಒಬ್ಬ ಗಂಡು ರಾಜನದ್ದು ಅಂತ ಡೆನ್ಮಾರ್ಕಿನ ವಿದ್ವಾಂಸ ಕಿಮ್ ರಿಹೋಲ್ಟ್ ತೋರಿಸಿದ್ದಾರೆ. ರಾಜನ ಪೂರ್ತಿ ಬಿರುದುಗಳೊಂದಿಗೆ ಆಳಿದ್ದು ಖಚಿತವಾಗಿ ಗೊತ್ತಿರುವ ಮೊದಲ ಹೆಣ್ಣು ಹನ್ನೆರಡನೇ ರಾಜವಂಶದ ಸೊಬೆಕ್‌ನೆಫೆರು, ಸುಮಾರು ಕ್ರಿ.ಪೂ. 1800ರ ಹೊತ್ತಿಗೆ.

ಇದನ್ನೆಲ್ಲ ಎಲ್ಲಿ ನೋಡಬಹುದು?

ಹೆಟೆಫೆರೆಸ್‌ಳ ಪೀಠೋಪಕರಣ, ನೊಫ್ರೆಟ್ ಪ್ರತಿಮೆ, ಜೆರ್ ಸಮಾಧಿಯ ಬಳೆಗಳಿಗೆ ಕೈರೋಗೆ ಹೋಗಬೇಕು. ಗೀಜಾದಲ್ಲಿ ಖುಫುವಿನ ಮೊಮ್ಮಗಳು ಮೂರನೇ ಮೆರೆಸಾಂಖ್‌ಳ ಸಮಾಧಿ ತೆರೆದಿದ್ದರೆ ಬಿಡಬೇಡಿ. ಬಂಡೆಯಲ್ಲೇ ಕಡೆದ ಹತ್ತು ಹೆಂಗಸರು ಸಾಲಾಗಿ ನಿಂತಿದ್ದಾರೆ. ಅವಳು ಸತ್ತ ದಿನ, ಹೂಳಿದ ದಿನ ಎರಡೂ ಬಾಗಿಲಲ್ಲಿ ಬರೆದಿದೆ, ನಡುವೆ ಸುಮಾರು ಒಂಬತ್ತು ತಿಂಗಳ ಅಂತರ. ಮೆಂಕೌರೆ ಜೋಡಿ ಬಾಸ್ಟನ್‌ನಲ್ಲಿ, ಅಂಖೆಸೆನ್‌ಪೆಪಿ ತಾಯಿ ಮಗ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ.

ಲಂಡನ್‌ನಲ್ಲಿ ಇರುವವರು ಪೆಟ್ರಿ ಮ್ಯೂಸಿಯಂಗೆ ಹೋಗಿ ತರ್ಖಾನ್ ಉಡುಪು ನೋಡಿ. ಪೆಟ್ರಿ 1913ರಲ್ಲಿ ತಂದ ಕೊಳಕು ಬಟ್ಟೆಯ ಗಂಟಿನಲ್ಲಿ ಅದಿತ್ತು, 1977ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಕುತ್ತಿಗೆ ಇಳಿಬಿಟ್ಟು, ತೋಳಿಗೆ ಸಣ್ಣ ನೆರಿಗೆ ಹಿಡಿದು ಹೊಲಿದ ಲಿನನ್ ಅಂಗಿ, ಐದು ಸಾವಿರ ವರ್ಷಕ್ಕೂ ಹಳೆಯದು. ಅಳತೆ ನೋಡಿದರೆ ಹದಿಹರೆಯದ ಹುಡುಗಿಗೋ ತೆಳ್ಳಗಿನ ಹೆಂಗಸಿಗೋ ಆಗುವಂತಿದೆ. ಮೊಣಕೈ ಮತ್ತು ಕಂಕುಳ ಹತ್ತಿರ ಉಟ್ಟು ಬಿಚ್ಚಿದ ಸುಕ್ಕುಗಳು ಈಗಲೂ ಕಾಣುತ್ತವೆ.